ಚಿಕಾನಾ ಮುದ್ರಣ ಕಲಾವಿದೆಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕಾನಾ ಎಂದರೆ ಯಾರು?

ಅಮೆರಿಕದಲ್ಲಿ ನೆಲೆಸಿರುವ ಮೆಕ್ಸಿಕನ್ ಮೂಲದವರು ತಮ್ಮನ್ನು ಕರೆದುಕೊಳ್ಳುವ ಹೆಸರುಗಳಲ್ಲಿ ‘ಚಿಕಾನೊ’ ಎಂಬುದೂ ಒಂದು; ‘ಚಿಕಾನಾ’ ಅದರ ಸ್ತ್ರೀಲಿಂಗ ರೂಪ. ಮೆಕ್ಸಿಕನ್ ಮೂಲದವರೆಲ್ಲರೂ ಈ ಹೆಸರನ್ನು ಒಪ್ಪುತ್ತಾರೆಂದು ಭಾವಿಸಬಾರದು. ಬಹಳ ಕಾಲ ಬಡವರನ್ನೂ ಕೂಲಿಯವರನ್ನೂ ಹೀಗಳೆಯಲು ಬಳಸುತ್ತಿದ್ದ ಪದವನ್ನು 1960ರ ದಶಕದ ಯುವಜನರು ಬೇಕೆಂದೇ ಎತ್ತಿಕೊಂಡು ಹೆಮ್ಮೆಯ ಹೆಸರನ್ನಾಗಿ ಮಾಡಿಕೊಂಡರು; ಹೀಗಾಗಿ ಅದು ವಂಶಕ್ಕಿಂತ ಹೆಚ್ಚಾಗಿ ಒಂದು ರಾಜಕೀಯ ನಿಲುವನ್ನು ಸೂಚಿಸುತ್ತದೆ. 1848ರಲ್ಲಿ, ಯುದ್ಧದಲ್ಲಿ ಸೋತ ಮೆಕ್ಸಿಕೊ ದೇಶವು ಗ್ವಾದಲೂಪೆ ಇಡಾಲ್ಗೊ ಒಪ್ಪಂದದ ಪ್ರಕಾರ ಇಂದಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಮೊದಲಾದ ವಿಶಾಲ ಪ್ರದೇಶವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ, ಅಲ್ಲಿದ್ದ ಜನರು ಕುಳಿತ ಜಾಗದಲ್ಲೇ ಬೇರೊಂದು ದೇಶದವರಾಗಿಬಿಟ್ಟರು. “ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು” ಎಂಬ ಮಾತು ಆ ಯುವಜನರ ಹಕ್ಕಿನ ಹೋರಾಟವಾದ ಚಿಕಾನೊ ಚಳವಳಿಯಲ್ಲಿ ಗಾದೆಯಂತೆ ಬಳಕೆಗೆ ಬಂದದ್ದು ಇದರಿಂದಲೇ.

ಈ ಕಲಾವಿದೆಯರು ಮುದ್ರಣವನ್ನೇ ಏಕೆ ಆರಿಸಿಕೊಂಡರು?

ಚಳವಳಿಗೆ ಅದು ಬೇಕಾಗಿತ್ತು ಎಂಬುದು ಮೊದಲ ಕಾರಣ. 1965ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡೆಲನೊ ಎಂಬಲ್ಲಿ ದ್ರಾಕ್ಷಿ ತೋಟಗಳ ಫಿಲಿಪಿನೊ ಕೂಲಿಕಾರರು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಸೆಸರ್ ಚಾವೆಸ್ ಮತ್ತು ಡೊಲೊರೆಸ್ ವೆರ್ತಾ ಕಟ್ಟಿದ್ದ ಮೆಕ್ಸಿಕನ್ ಮೂಲದ ಕೂಲಿಕಾರರ ಸಂಘವೂ ಅವರೊಂದಿಗೆ ಸೇರಿಕೊಂಡಿತು. ತೋಟದ ಬದುವಿನಲ್ಲಿ ನಡೆಯುವ ಮುಷ್ಕರದ ಬಿಸಿ ದೂರದ ನ್ಯೂಯಾರ್ಕಿನ ಅಂಗಡಿಗೂ ತಟ್ಟಬೇಕಾದರೆ ಗ್ರಾಹಕರೇ ದ್ರಾಕ್ಷಿ ಕೊಳ್ಳುವುದನ್ನು ನಿಲ್ಲಿಸಬೇಕಿತ್ತು, ಅದಕ್ಕೆ ಪೋಸ್ಟರುಗಳು ಬೇಕಿದ್ದವು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹಲವು ಊರುಗಳಲ್ಲಿ ಪೋಸ್ಟರ್ ಮುದ್ರಿಸುವ ಗುಂಪುಗಳು ಹುಟ್ಟಿಕೊಂಡಿದ್ದವು.

ಎರಡನೆಯ ಕಾರಣ ಪರಂಪರೆ. ಅಸ್ಥಿಪಂಜರಗಳಿಗೆ ಟೋಪಿ ತೊಡಿಸಿ ಸಿರಿವಂತರನ್ನು ಗೇಲಿ ಮಾಡಿದ ಹೊಸೆ ಗ್ವಾದಲೂಪೆ ಪೊಸಾದಾ (1852–1913) ಮೆಕ್ಸಿಕೊದಲ್ಲಿ ಮನೆಮಾತಾಗಿದ್ದ ಮುದ್ರಣಕಾರ. 1937ರಲ್ಲಿ ಮೆಕ್ಸಿಕೊ ನಗರದಲ್ಲಿ ಆರಂಭವಾದ ‘ತಾಯೆರ್ ದೆ ಗ್ರಾಫಿಕಾ ಪೊಪುಲಾರ್’ ಎಂಬ ಜನಮುದ್ರಣಶಾಲೆಯೂ, 1959ರ ಕ್ರಾಂತಿಯ ನಂತರದ ಕ್ಯೂಬಾದ ಪೋಸ್ಟರುಗಳೂ ಚಿಕಾನೊ ಕಲಾವಿದರ ಕಣ್ಣೆದುರು ಇದ್ದವು.

ಮೂರನೆಯದು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಅನ್ವಯಿಸುವ ಕಾರಣ. ಕ್ಯಾನ್ವಾಸು, ಸ್ವಂತ ಸ್ಟುಡಿಯೊ, ಗ್ಯಾಲರಿಯವರ ಪರಿಚಯ ಇವು ಯಾವುವೂ ಇಲ್ಲದವರಿಗೂ ಗ್ಯಾರೇಜಿನ ಒಂದು ಮೇಜು ಮತ್ತು ಹಂಚಿಕೊಳ್ಳಲು ನಾಲ್ಕು ಜಾಲರಿ ಚೌಕಟ್ಟುಗಳಿದ್ದರೆ ಮುದ್ರಣದ ಕೆಲಸ ನಡೆಯುತ್ತಿತ್ತು.

ಸ್ಕ್ರೀನ್ ಪ್ರಿಂಟ್ ಎಂದರೆ ಯಂತ್ರದಿಂದ ತೆಗೆದ ನಕಲು ಪ್ರತಿಯಲ್ಲವೇ?

ಅಲ್ಲ. ಮರದ ಅಥವಾ ಲೋಹದ ಚೌಕಟ್ಟಿಗೆ ನವಿರಾದ ಜಾಲರಿ ಬಟ್ಟೆಯನ್ನು ಬಿಗಿದು, ಬಣ್ಣ ಇಳಿಯಬಾರದ ಕಡೆಯಲ್ಲೆಲ್ಲ ಅದರ ರಂಧ್ರಗಳನ್ನು ಮುಚ್ಚಿ, ಕೆಳಗೆ ಕಾಗದ ಇಟ್ಟು, ಮೇಲಿನಿಂದ ಶಾಯಿಯನ್ನು ರಬ್ಬರ್ ಪಟ್ಟಿಯ ಸ್ಕ್ವೀಜಿಯಿಂದ ಎಳೆಯುತ್ತಾರೆ. ನಮ್ಮ ಊರುಗಳಲ್ಲಿ ಲಗ್ನಪತ್ರಿಕೆಗಳನ್ನೂ ಬಟ್ಟೆ ಚೀಲಗಳನ್ನೂ ಮುದ್ರಿಸುವ ವಿಧಾನವೂ ಇದೇ ಆದ್ದರಿಂದ ಕನ್ನಡದ ಓದುಗರಿಗೆ ಇದು ಹೊಸತಲ್ಲ. ಆದರೆ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಪರದೆ ಬೇಕು. ಎಂಟು ಬಣ್ಣದ ಚಿತ್ರವಾದರೆ ಒಂದೊಂದು ಹಾಳೆಯೂ ಎಂಟು ಸಲ ಪರದೆಯ ಕೆಳಗೆ ಹೋಗಿ, ಎಂಟು ಸಲ ಒಣಗಿ, ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಬೇಕು. ಒಂದು ಬಣ್ಣ ಜರುಗಿತೆಂದರೆ ಮುಖದ ಪಕ್ಕದಲ್ಲಿ ಇನ್ನೊಂದು ನೆರಳು ಮುಖ ಕಾಣಿಸಿಕೊಳ್ಳುತ್ತದೆ, ಹಾಳೆ ಕಸಕ್ಕೆ ಸೇರುತ್ತದೆ.

ಹೀಗೆ ಹೊರಬಂದ ಪ್ರತಿಗಳಿಗೆ ಕಲಾವಿದೆ ಪೆನ್ಸಿಲಿನಲ್ಲಿ ಸಹಿ ಮಾಡಿ 12/60 ಎಂಬಂತೆ ಸಂಖ್ಯೆ ಹಾಕುತ್ತಾಳೆ. ಅರವತ್ತು ಪ್ರತಿಗಳಲ್ಲಿ ಇದು ಹನ್ನೆರಡನೆಯದು ಎಂದು ಅದರ ಅರ್ಥ. ಅರವತ್ತೂ ಅಸಲುಗಳೇ. ಆದರೆ ಬೀದಿಗೆಂದು ಮಾಡಿದ ಪೋಸ್ಟರುಗಳಿಗೆ ಈ ಸಂಖ್ಯೆಯ ಉಪಚಾರ ಇರುತ್ತಿರಲಿಲ್ಲ, ಅನೇಕ ಸಲ ಸಹಿಯೂ ಇರುತ್ತಿರಲಿಲ್ಲ. ಮುಂದೆ ಬರುವ ಮರೆವಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಒಂದೇ ಒಂದು ಕೃತಿಯನ್ನು ನೋಡಬೇಕೆಂದರೆ ಯಾವುದನ್ನು ನೋಡಬೇಕು?

ಎಸ್ಟರ್ ಹೆರ್ನಾಂಡೆಸ್ 1982ರಲ್ಲಿ ಮಾಡಿದ ‘ಸನ್ ಮ್ಯಾಡ್’ ಎಂಬ ಸ್ಕ್ರೀನ್ ಪ್ರಿಂಟನ್ನು. ಅಮೆರಿಕದ ಅಡುಗೆಮನೆಗಳಲ್ಲಿ ‘ಸನ್-ಮೇಡ್’ ಒಣದ್ರಾಕ್ಷಿಯ ಕೆಂಪು ಡಬ್ಬಿ ಎಲ್ಲರಿಗೂ ಪರಿಚಿತ: ಹಳದಿ ಸೂರ್ಯನ ಮುಂದೆ, ಕೆಂಪು ಟೋಪಿ ತೊಟ್ಟ ನಗುಮುಖದ ಹುಡುಗಿ, ಕೈಯಲ್ಲಿ ಹಸಿರು ದ್ರಾಕ್ಷಿ ತುಂಬಿದ ಬುಟ್ಟಿ. ಹೆರ್ನಾಂಡೆಸ್ ಆ ಡಬ್ಬಿಯಲ್ಲಿ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡರು. ಕೆಂಪು ಅದೇ, ಸೂರ್ಯ ಅದೇ, ಟೋಪಿಯೂ ಬುಟ್ಟಿಯೂ ಅವೇ. ಹುಡುಗಿಯ ಜಾಗದಲ್ಲಿ ಮಾತ್ರ ಹಲ್ಲು ಕಿರಿಯುವ ಅಸ್ಥಿಪಂಜರವಿದೆ. ಬ್ರ್ಯಾಂಡಿನ ಹೆಸರಿನಲ್ಲಿ ‘ಮೇಡ್’ ಎಂಬುದರ ಇಂಗ್ಲಿಷ್ ಕಾಗುಣಿತದಿಂದ ‘ಐ’ ಎಂಬ ಒಂದೇ ಅಕ್ಷರವನ್ನು ತೆಗೆದುಹಾಕಿದ್ದರಿಂದ ‘ಕನ್ಯೆ’ ಹೋಗಿ ‘ಹುಚ್ಚು, ಸಿಟ್ಟು’ ಬಂದಿದೆ. ಕೆಳಗೆ, ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಗುಣಗಾನ ಇರುವ ಜಾಗದಲ್ಲಿ, ಇದನ್ನು ಅಸಹಜವಾಗಿ ಬೆಳೆಯಲಾಗಿದೆ ಎಂದು ಸಾರಿ, ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳ ಹೆಸರುಗಳನ್ನು ಪದಾರ್ಥಗಳ ಪಟ್ಟಿಯಂತೆ ಕೊಡಲಾಗಿದೆ.

ಹೆರ್ನಾಂಡೆಸ್ 1944ರಲ್ಲಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಡೈನೂಬಾ ಎಂಬ ಸಣ್ಣ ಊರಿನಲ್ಲಿ, ತೋಟದ ಕೂಲಿ ಮಾಡುತ್ತಿದ್ದ ಕುಟುಂಬದಲ್ಲಿ. ಒಣದ್ರಾಕ್ಷಿಯ ಸೀಮೆಯೇ ಅದು. 1970ರ ದಶಕದ ಕೊನೆಯಲ್ಲಿ ತವರಿಗೆ ಹೋದಾಗ ಅಲ್ಲಿನ ಜನ ವರ್ಷಗಟ್ಟಲೆ ಕುಡಿದ, ಮಿಂದ ಅಂತರ್ಜಲದಲ್ಲಿ ತೋಟಗಳ ಕೀಟನಾಶಕ ಸೇರಿಕೊಂಡಿದ್ದ ಸುದ್ದಿ ಅವರಿಗೆ ತಿಳಿಯಿತು. ಆ ಕೋಪ ಚಿತ್ರದ ರೂಪ ಪಡೆಯಲು ಕೆಲವು ವರ್ಷಗಳೇ ಹಿಡಿದವು. ನನಗೆ ಈ ಚಿತ್ರದಲ್ಲಿ ಮೆಚ್ಚುಗೆಯಾಗುವುದು ಅಸ್ಥಿಪಂಜರಕ್ಕಿಂತ ಆ ಸಂಯಮ. ಕಲಾವಿದೆ ಹೊಸ ಚಿತ್ರವೊಂದನ್ನು ಕಲ್ಪಿಸಿಕೊಂಡು ನಮ್ಮ ಮುಂದೆ ಇಡುವುದಿಲ್ಲ. ನಮ್ಮ ತಲೆಯಲ್ಲಿ ಆಗಲೇ ಇರುವ ಚಿತ್ರವನ್ನು ಕೆಲವೇ ಕಡೆ ಮುಟ್ಟಿ ಸುಮ್ಮನಾಗುತ್ತಾರೆ. ಅದನ್ನು ನೋಡಿದವರು ಅಂಗಡಿಯಲ್ಲಿ ಮತ್ತೆ ಆ ಡಬ್ಬಿಯನ್ನು ಕಂಡಾಗ ಅಸ್ಥಿಪಂಜರವೇ ಕಣ್ಣಿಗೆ ಕಟ್ಟುತ್ತದೆ. ಬೇರೆಯವರು ದುಡ್ಡು ಸುರಿದು ನೆನಪಿನಲ್ಲಿ ಉಳಿಸಿದ ಜಾಹೀರಾತು ಹೀಗೆ ಪುಕ್ಕಟೆಯಾಗಿ ಅವರ ಕೆಲಸಕ್ಕೆ ಒದಗಿತು.

ಗ್ವಾದಲೂಪೆಯ ಮಾತೆ ಇವರ ಚಿತ್ರಗಳಲ್ಲಿ ಅಷ್ಟೊಂದು ಸಲ ಬರುವುದೇಕೆ?

1531ರಲ್ಲಿ ತೆಪೆಯಾಕ್ ಬೆಟ್ಟದ ಮೇಲೆ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ದರ್ಶನ ಕೊಟ್ಟಳೆಂದು ನಂಬಲಾಗುವ ಈ ಮೇರಿಮಾತೆಯದು ಕಂದು ಮೈಬಣ್ಣ. ಸುತ್ತ ಕಿರಣಗಳ ಪ್ರಭಾವಳಿ, ನಕ್ಷತ್ರಖಚಿತ ಮೇಲುಹೊದಿಕೆ, ಪಾದದ ಕೆಳಗೆ ಚಂದ್ರ, ಅದನ್ನು ಎತ್ತಿ ಹಿಡಿದ ದೇವದೂತ: ಮೆಕ್ಸಿಕನ್ ಮನೆಗಳಲ್ಲಿ ಈ ಪಟವಿಲ್ಲದ ಗೋಡೆ ಅಪರೂಪ. ಚಾವೆಸ್ ಮುಂದಾಳತ್ವದ ಮೆರವಣಿಗೆಗಳಲ್ಲೂ ಅವಳ ಪತಾಕೆ ಮುಂದೆ ಸಾಗುತ್ತಿತ್ತು. ಆದರೆ ಪಟದೊಳಗಿನ ಅವಳು ತಲೆ ತಗ್ಗಿಸಿ, ಕೈಮುಗಿದು, ಅಲುಗಾಡದೆ ನಿಂತವಳು. ಮನೆಯ ಹೆಣ್ಣುಮಕ್ಕಳೂ ಹೀಗೆಯೇ ಇರಬೇಕೆಂಬ ಪಾಠವನ್ನು ಪಟ ಮೌನವಾಗಿ ಹೇಳಿಕೊಡುತ್ತಿತ್ತು.

1975ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿನಿಯಾಗಿದ್ದ ಹೆರ್ನಾಂಡೆಸ್ ಒಂದು ಎಚಿಂಗ್ ಮಾಡಿದರು. ಎಚಿಂಗ್ ಎಂದರೆ ಲೋಹದ ತಗಡಿನ ಮೇಲೆ ಗೆರೆ ಕೊರೆದು, ಆಮ್ಲದಿಂದ ಅದನ್ನು ಆಳವಾಗಿಸಿ, ಶಾಯಿ ತುಂಬಿ ಒತ್ತಿ ತೆಗೆಯುವ ಪ್ರತಿ. ಅದರಲ್ಲಿ ಮಾತೆ ಕರಾಟೆ ಉಡುಪು ತೊಟ್ಟು, ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿದು, ಪ್ರಭಾವಳಿಯ ಗೆರೆಯನ್ನು ದಾಟಿ ಕಾಲನ್ನು ಒದೆಯುವ ಭಂಗಿಯಲ್ಲಿ ಚಾಚಿದ್ದಾಳೆ. ಚಿಕಾನೊಗಳ ಹಕ್ಕುಗಳನ್ನು ರಕ್ಷಿಸುತ್ತಿರುವ ಗ್ವಾದಲೂಪೆ ಮಾತೆ ಎಂಬುದು ಅದರ ಸ್ಪ್ಯಾನಿಷ್ ಶೀರ್ಷಿಕೆಯ ಅರ್ಥ. ನಮ್ಮಲ್ಲಿ ದೇವಿಯ ಕೈಯಲ್ಲಿ ಶೂಲ ನೋಡಿ ಬೆಳೆದವರಿಗೆ ಇದರಲ್ಲಿ ಅಂಥ ಆಘಾತವೇನೂ ಕಾಣದಿರಬಹುದು. ಶತಮಾನಗಳ ಕಾಲ ಕೈ ಬಿಡಿಸದೆ ನಿಂತವಳು ಕಾಲೆತ್ತಿದಳೆಂಬುದು ಅಲ್ಲಿಯವರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಮೂರು ವರ್ಷಗಳ ನಂತರ ಯೋಲಾಂಡಾ ಲೋಪೆಸ್ (1942–2021) ಇದೇ ಮಾತೆಯ ಜಾಗದಲ್ಲಿ ತಮ್ಮ ಮನೆಯ ಮೂವರನ್ನು ತಂದು ನಿಲ್ಲಿಸಿದರು. ಓಟದ ಬೂಟು ತೊಟ್ಟು, ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ನಕ್ಷತ್ರದ ಹೊದಿಕೆ ಹಿಡಿದು ಪ್ರಭಾವಳಿಯಿಂದ ಹೊರಗೆ ಜಿಗಿಯುವ ತಾವು. ಹೊಲಿಗೆ ಯಂತ್ರದ ಮುಂದೆ ಕುಳಿತು ಅದೇ ಹೊದಿಕೆಯನ್ನು ಹೊಲಿಯುತ್ತಿರುವ ತಾಯಿ. ಆಯಾಸದಿಂದ ಕುಳಿತ ಅಜ್ಜಿ. ಈ ಮೂರೂ ಮೂಲದಲ್ಲಿ ಆಯಿಲ್ ಪೇಸ್ಟೆಲ್ ಚಿತ್ರಗಳು, ಮುದ್ರಿತ ಕೃತಿಗಳಲ್ಲ. ಆದರೆ ಅವು ಹೆಸರು ಗಳಿಸಿದ್ದು ಅಚ್ಚಾದ ಪ್ರತಿಗಳಿಂದಲೇ ಆದ್ದರಿಂದ ಇಲ್ಲಿ ಹೇಳದೆ ಬಿಡಲಾಗದು. ಹೊಲಿಗೆ ಯಂತ್ರದ ಚಿತ್ರವೇ ಮೂರರಲ್ಲಿ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ದೇವಿಯ ವಸ್ತ್ರವನ್ನೂ ಯಾರೋ ಒಬ್ಬ ಹೆಂಗಸು ಬೆನ್ನು ಬಗ್ಗಿಸಿ ಹೊಲಿದಿರಬೇಕಲ್ಲ ಎಂಬ ಯೋಚನೆ ಅದಕ್ಕೆ ಮೊದಲು ಯಾರಿಗೂ ಹೊಳೆದಂತಿಲ್ಲ.

ಇಂಥ ಚಿತ್ರಗಳಿಗೆ ವಿರೋಧ ಬರಲಿಲ್ಲವೇ?

ಬಂತು. ಅತ್ಯಂತ ದೊಡ್ಡ ಗಲಾಟೆ ನಡೆದದ್ದು 2001ರಲ್ಲಿ, ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೆಯಲ್ಲಿರುವ ಅಂತರರಾಷ್ಟ್ರೀಯ ಜಾನಪದ ಕಲಾ ವಸ್ತುಸಂಗ್ರಹಾಲಯದಲ್ಲಿ. ಆಲ್ಮಾ ಲೋಪೆಸ್ 1999ರಲ್ಲಿ ಮಾಡಿದ ‘ಅವರ್ ಲೇಡಿ’ ಎಂಬ ಡಿಜಿಟಲ್ ಮುದ್ರಣದಲ್ಲಿ ಮಾತೆಯು ಗುಲಾಬಿ ಹೂಗಳನ್ನಷ್ಟೇ ಉಟ್ಟು, ಸೊಂಟದ ಮೇಲೆ ಕೈಯಿಟ್ಟು, ನೋಡುವವರ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದಾಳೆ. ಅದನ್ನು ತೆಗೆಯಬೇಕೆಂದು ಸ್ಥಳೀಯ ಆರ್ಚ್‌ಬಿಷಪ್ ಸೇರಿದಂತೆ ಅನೇಕರು ಒತ್ತಾಯಿಸಿದರು, ಪ್ರತಿಭಟನೆಗಳು ನಡೆದವು. ಭಕ್ತರ ನೋವನ್ನು ನಾಟಕವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಚಿತ್ರ ಮಾಡಿದವರೂ ಅದೇ ಪಟದ ಕೆಳಗೆ ಬೆಳೆದ ಹೆಣ್ಣುಮಗಳೇ ಎಂಬುದನ್ನು ಆ ಗಲಾಟೆಯಲ್ಲಿ ಹೆಚ್ಚು ಜನ ಗಮನಿಸಲಿಲ್ಲ.

ಇವರಿಗೆ ಮುದ್ರಿಸಲು ಜಾಗ ಎಲ್ಲಿ ಸಿಗುತ್ತಿತ್ತು?

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ 1970ರಲ್ಲಿ ಆರಂಭವಾದ ‘ಗಲೆರಿಯಾ ದೆ ಲಾ ರಾಸಾ’ ಒಂದು ನೆಲೆ. ಅದೇ ಬಡಾವಣೆಯಲ್ಲಿ ‘ಲಾ ರಾಸಾ ಸಿಲ್ಕ್‌ಸ್ಕ್ರೀನ್ ಸೆಂಟರ್’ ಇತ್ತು; ಅದನ್ನು ಮುನ್ನಡೆಸಿದವರಲ್ಲಿ ಲಿಂಡಾ ಲುಸೆರೊ ಪ್ರಮುಖರು.

ಬಹುಕಾಲ ಬಾಳಿದ ಇನ್ನೊಂದು ನೆಲೆ ಪೂರ್ವ ಲಾಸ್ ಏಂಜಲೀಸ್‌ನ ‘ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್’. ಇದರ ಹುಟ್ಟು ವಿಚಿತ್ರವಾದದ್ದು. 1970ರ ದಶಕದ ಆರಂಭದಲ್ಲಿ ಸಿಸ್ಟರ್ ಕ್ಯಾರೆನ್ ಬೊಕಲೆರೊ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿನಿ, ಕಾರ್ಲೊಸ್ ಬುಯೆನೊ ಮತ್ತು ಆಂತೋನಿಯೊ ಇಬಾನ್ಯೆಸ್ ಎಂಬ ಇಬ್ಬರು ಮೆಕ್ಸಿಕನ್ ಕಲಾವಿದರೊಂದಿಗೆ ಸೇರಿ ಒಂದು ಗ್ಯಾರೇಜಿನಲ್ಲಿ ಮುದ್ರಣ ಆರಂಭಿಸಿದರು. ಬೊಕಲೆರೊ ಇಟಾಲಿಯನ್ ಮೂಲದವರು, ಚಿಕಾನಾ ಅಲ್ಲ. ಆದರೆ ತಾವೇ ಮುದ್ರಣ ಕಲಾವಿದೆ, ಸನ್ಯಾಸಿನಿಯಾಗಿದ್ದುಕೊಂಡೇ ಹೆಸರು ಮಾಡಿದ ಮುದ್ರಣ ಕಲಾವಿದೆ ಕೊರಿಟಾ ಕೆಂಟ್ ಅವರ ಶಿಷ್ಯೆ. 1975ರಲ್ಲಿ ಈ ಕೇಂದ್ರ ವ್ಯಾನೊಂದನ್ನು ಸಂಚಾರಿ ಕಲಾಶಾಲೆಯನ್ನಾಗಿ ಮಾಡಿ ಬಡಾವಣೆಗಳಿಗೂ ಶಾಲೆಗಳಿಗೂ ಕಳುಹಿಸತೊಡಗಿತು. 1980ರ ದಶಕದ ಆರಂಭದಲ್ಲಿ, ಕಲಾವಿದರನ್ನು ಆಹ್ವಾನಿಸಿ ನುರಿತ ಮುದ್ರಕರ ಜೊತೆ ಕೂರಿಸಿ ಸ್ಕ್ರೀನ್ ಪ್ರಿಂಟ್ ಮಾಡಿಸುವ ‘ಅಟೆಲಿಯೆ’ ಕಾರ್ಯಕ್ರಮ ಶುರುವಾಯಿತು. ಇರೈನಾ ಸೆರ್ವಾಂತೆಸ್ ತಮ್ಮನ್ನೇ ಚಿರತೆಯನ್ನು ಹೋಲುವ ಜಾಗ್ವಾರ್‌ನ ರೂಪದೊಂದಿಗೆ ಬೆಸೆದು ‘ದಾನ್ಸಾ ಓಸೆಲೊಟ್ಲ್’ ಎಂಬ ಕೃತಿಯನ್ನು 1983ರಲ್ಲಿ ಇಲ್ಲಿಯೇ ಮಾಡಿದರು. 1999ರಲ್ಲಿ ಅವರದೇ ಮುಂದಾಳತ್ವದಲ್ಲಿ ಕಲಾವಿದೆಯರಿಗೆಂದೇ ‘ಮಾಯೆಸ್ತ್ರಾಸ್’ ಅಟೆಲಿಯೆ ನಡೆಯಿತು; ಗುರುಗಳು, ಆದರೆ ಸ್ತ್ರೀಲಿಂಗದಲ್ಲಿ ಎಂದು ಆ ಸ್ಪ್ಯಾನಿಷ್ ಪದದ ಅರ್ಥ.

ಹಾಗಾದರೆ ಇವರನ್ನು ಕಡೆಗಣಿಸಿದ್ದು ಯಾರು, ಹೇಗೆ?

ಯಾರೋ ಒಬ್ಬರು ಕುಳಿತು ಸಂಚು ಮಾಡಲಿಲ್ಲ. ಹಲವು ಬಾಗಿಲುಗಳು ಬೇರೆ ಬೇರೆ ಕಾರಣಗಳಿಗಾಗಿ ಮುಚ್ಚಿದ್ದವು, ಈ ಕಲಾವಿದೆಯರು ಎಲ್ಲ ಬಾಗಿಲುಗಳ ಹೊರಗೂ ಉಳಿದರು.

ವಸ್ತುಸಂಗ್ರಹಾಲಯಗಳಿಗೆ ಪೋಸ್ಟರು ಕಲೆಯಾಗಿ ಕಾಣಲಿಲ್ಲ, ಅದು ಪ್ರಚಾರ ಸಾಮಗ್ರಿ. ಒಂದೇ ಒಂದು ಪ್ರತಿ ಇರುವ ವರ್ಣಚಿತ್ರಕ್ಕೆ ಮಾರುಕಟ್ಟೆ ಕೊಡುವ ಬೆಲೆಯನ್ನು ನೂರು ಪ್ರತಿ ಇರುವ ಮುದ್ರಣಕ್ಕೆ ಕೊಡುವುದಿಲ್ಲ. ಬಿಳಿಯರ ಸ್ತ್ರೀವಾದಿ ಕಲಾವಲಯಕ್ಕೆ ದ್ರಾಕ್ಷಿ ತೋಟದ ಕೀಟನಾಶಕ ಹೆಣ್ಣಿನ ಪ್ರಶ್ನೆಯಾಗಿ ತೋರಲಿಲ್ಲ. ಇನ್ನು ಚಿಕಾನೊ ಚಳವಳಿಯೊಳಗೇ ಗಂಡಸರು ಭಾಷಣ ಮಾಡಿದರು, ಹೆಂಗಸರು ಟೈಪ್ ಮಾಡಿ, ಅಡುಗೆ ಮಾಡಿ, ಪೋಸ್ಟರ್ ಒಣಗಿಸಿದರು. ಹೆಣ್ಣಿನ ಮಾತೆತ್ತಿದವರಿಗೆ ಚಳವಳಿಯನ್ನು ಒಡೆಯುತ್ತೀರೆಂಬ ಆಪಾದನೆ ಬಂತು. ಪೋಸ್ಟರುಗಳು ಗುಂಪಿನ ಹೆಸರಿನಲ್ಲಿ ಹೊರಬಂದುದರಿಂದ ಮುಂದೆ ಇತಿಹಾಸ ಬರೆಯುವಾಗ ಗುಂಪಿನಲ್ಲಿ ಹೆಚ್ಚು ಮಾತಾಡಿದವರ ಹೆಸರುಗಳೇ ಉಳಿದುಕೊಂಡವು.

1972ರ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಲಾಸ್ ಏಂಜಲೀಸ್ ಕೌಂಟಿ ಕಲಾ ವಸ್ತುಸಂಗ್ರಹಾಲಯ ಚಿಕಾನೊ ಕಲೆಗೆ ಜಾಗ ಕೊಡುವುದಿಲ್ಲವೆಂದು ಕೆರಳಿದ ‘ಆಸ್ಕೊ’ ಎಂಬ ಚಿಕಾನೊ ಕಲಾವಿದರ ತಂಡದ ಮೂವರು ಗಂಡಸರು ರಾತ್ರಿ ಹೋಗಿ ಕಟ್ಟಡದ ಮೇಲೆ ತಮ್ಮ ಹೆಸರುಗಳನ್ನು ಸ್ಪ್ರೇ ಬಣ್ಣದಿಂದ ಬರೆದು ಬಂದರು, ಇಡೀ ಕಟ್ಟಡವೇ ತಮ್ಮ ಕೃತಿ ಎಂಬಂತೆ. ಆ ಘಟನೆಯ ಪ್ರಸಿದ್ಧ ಛಾಯಾಚಿತ್ರದಲ್ಲಿ ಬರಹದ ಮೇಲುಗಡೆ ನಿಂತಿರುವುದು ತಂಡದ ನಾಲ್ಕನೆಯ ಸದಸ್ಯೆ ಪ್ಯಾಟ್ಸಿ ವಾಲ್ಡೆಸ್. ಚಿತ್ರದಲ್ಲಿ ಅವಳಿದ್ದಾಳೆ, ಗೋಡೆಯ ಮೇಲೆ ಅವಳ ಹೆಸರಿಲ್ಲ. ವಾಲ್ಡೆಸ್ ಮುಂದೆ ವರ್ಣಚಿತ್ರಕಾರ್ತಿಯಾಗಿ ಹೆಸರು ಮಾಡಿದರು, ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್‌ನಲ್ಲಿ ಸ್ಕ್ರೀನ್ ಪ್ರಿಂಟುಗಳನ್ನೂ ಮಾಡಿದರು.

ಯೋಲಾಂಡಾ ಲೋಪೆಸ್ ಅವರದು ಇನ್ನೂ ಕಹಿಯಾದ ಕಥೆ. ಮೆಕ್ಸಿಕೊದ ಮೂಲನಿವಾಸಿಗಳಾದ ಅಜ್ಟೆಕರ ಶಿರೋಭೂಷಣ ತೊಟ್ಟ ವ್ಯಕ್ತಿಯೊಬ್ಬ ವಲಸೆ ಯೋಜನೆಯ ಕಾಗದಗಳನ್ನು ಮುದುಡಿ ಹಿಡಿದು, ಬೆರಳು ತೋರಿಸಿ “ಅಕ್ರಮ ವಲಸಿಗ ಯಾರಯ್ಯಾ, ಯಾತ್ರಿಕನೇ?” (ಹಡಗೇರಿ ಬಂದು ಅಮೆರಿಕದಲ್ಲಿ ನೆಲೆಸಿದ ಆರಂಭದ ಇಂಗ್ಲಿಷ್ ವಲಸಿಗರನ್ನು ಅಲ್ಲಿ ‘ಯಾತ್ರಿಕ’ರೆನ್ನುತ್ತಾರೆ) ಎಂದು ಕೇಳುವ 1978ರ ಅವರ ಪೋಸ್ಟರನ್ನು ವಲಸಿಗರ ಹಕ್ಕಿನ ಮೆರವಣಿಗೆಗಳಲ್ಲಿ ಹೊತ್ತವರೆಷ್ಟೋ. ಅಂಥ ಕಲಾವಿದೆಯ ಮೊದಲ ಏಕವ್ಯಕ್ತಿ ವಸ್ತುಸಂಗ್ರಹಾಲಯ ಪ್ರದರ್ಶನ ಅವರು ಹುಟ್ಟಿದ ಸ್ಯಾನ್ ಡಿಯೇಗೊದಲ್ಲಿ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಅವರು ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.

ಕಲಾವಿದೆಯರೇ ಈ ಮರೆವಿಗೆ ಉತ್ತರ ಕೊಟ್ಟದ್ದುಂಟೇ?

ಉಂಟು, ಅದೂ ಮುದ್ರಣದಲ್ಲೇ. ಕೃಷಿ ಕೂಲಿಕಾರರ ಸಂಘವೆಂದರೆ ಎಲ್ಲರಿಗೂ ಚಾವೆಸ್ ನೆನಪಾಗುತ್ತಾರೆ. ಅವರೊಂದಿಗೆ ಸಂಘವನ್ನು ಕಟ್ಟಿದ, ಮಾಲೀಕರೊಡನೆ ಮಾತುಕತೆಗೆ ಕುಳಿತ ಡೊಲೊರೆಸ್ ವೆರ್ತಾ ಬಹುಕಾಲ ಪಕ್ಕದ ಪಾತ್ರವಾಗಿಯೇ ಉಳಿದಿದ್ದರು. “ಸಿ, ಸೆ ಪುಯೆದೆ”, ಅಂದರೆ “ಹೌದು, ಸಾಧ್ಯ”, ಎಂಬ ಘೋಷಣೆಯೂ 1972ರಲ್ಲಿ ಹೊರಟದ್ದು ಅವರ ಬಾಯಿಂದ. ಬಾರ್ಬರಾ ಕರಾಸ್ಕೊ 1999ರಲ್ಲಿ ವೆರ್ತಾ ಅವರ ಮುಖವನ್ನು ದಪ್ಪ ಗೆರೆಗಳಲ್ಲಿ, ಗಾಢ ಬಣ್ಣದಲ್ಲಿ ಮುದ್ರಿಸಿ, ಜೊತೆಗೆ ‘ಡೊಲೊರೆಸ್’ ಎಂದಷ್ಟೇ ದೊಡ್ಡದಾಗಿ ಬರೆದರು. ಕುಲನಾಮ ಬೇಕಾಗಲಿಲ್ಲ, ಮನೆಯವರನ್ನು ಕರೆಯುವಂತೆ ಕರೆದರು.

ಕರಾಸ್ಕೊ ಸ್ವತಃ ಇಂಥ ಅಳಿಸುವಿಕೆಯನ್ನು ಬಲ್ಲವರು. 1981ರಲ್ಲಿ ಲಾಸ್ ಏಂಜಲೀಸ್ ನಗರದ ಇತಿಹಾಸವನ್ನು ಹೇಳುವ ಭಿತ್ತಿಚಿತ್ರವನ್ನು ಅವರಿಂದ ಮಾಡಿಸಿಕೊಳ್ಳಲು ಹೊರಟ ಸರ್ಕಾರಿ ಸಂಸ್ಥೆಯು, ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಬಂಧಿಸಿಟ್ಟ ದೃಶ್ಯವೂ ಸೇರಿದಂತೆ ಹಲವು ದೃಶ್ಯಗಳನ್ನು ತೆಗೆಯಬೇಕೆಂದಿತು. ಅವರು ಒಪ್ಪಲಿಲ್ಲ, ಚಿತ್ರ ದಶಕಗಳ ಕಾಲ ಗೋದಾಮಿನಲ್ಲಿ ಬಿದ್ದಿತ್ತು.

ಎಲ್ಲರೂ ಹೋರಾಟದ ಚಿತ್ರಗಳನ್ನೇ ಮಾಡಿದರೇ?

ಇಲ್ಲ, ಹಾಗೆ ತಿಳಿಯುವುದೂ ಒಂದು ಬಗೆಯ ಕಡೆಗಣನೆಯೇ. ಟೆಕ್ಸಾಸ್‌ನ ಕಿಂಗ್ಸ್‌ವಿಲ್‌ನಲ್ಲಿ 1948ರಲ್ಲಿ ಹುಟ್ಟಿದ ಕಾರ್ಮೆನ್ ಲೋಮಾಸ್ ಗಾರ್ಸಾ ಅವರ ಎಚಿಂಗುಗಳಲ್ಲಿ ಮುಷ್ಟಿ ಎತ್ತಿದವರು ಯಾರೂ ಇಲ್ಲ. 1972ರ ‘ಲೊತೆರಿಯಾ’ ಚಿತ್ರದಲ್ಲಿ ಮನೆಯವರು, ನೆಂಟರು, ಮಕ್ಕಳು ಹೊರಗಡೆ ಮೇಜಿನ ಸುತ್ತ ಸೇರಿ ನಮ್ಮ ಹೌಸಿ ಆಟವನ್ನು ಹೋಲುವ, ಆದರೆ ಅಂಕಿಗಳ ಬದಲು ಚಿತ್ರಗಳಿರುವ ಆಟ ಆಡುತ್ತಿದ್ದಾರೆ. ನಾಟಿವೈದ್ಯ ಮಾಡುವ ಹೆಂಗಸಿನ ಚಿತ್ರವನ್ನೂ ಅವರು ಮಾಡಿದ್ದಾರೆ. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ ಬೀಳುತ್ತಿದ್ದ ಕಾಲದಲ್ಲಿ ಬೆಳೆದ ಮಕ್ಕಳಿಗೆ, ತಮ್ಮ ಹಿತ್ತಲೂ ಅಜ್ಜಿಯ ಮದ್ದೂ ಚಿತ್ರ ಬರೆಯಲು ಯೋಗ್ಯವಾದವು ಎಂದು ತಿಳಿಯುವುದೇ ದೊಡ್ಡ ವಿಷಯವಾಗಿತ್ತು. ಗುರುತು ಎಂಬ ದೊಡ್ಡ ಮಾತಿನ ಅಡಿಯಲ್ಲಿ ಇರುವುದು ಇಷ್ಟೇ: ತಮ್ಮ ಮನೆಯ ಮೇಜು ಹೇಗಿತ್ತೋ ಹಾಗೆ ಅದನ್ನು ಕಾಣುವುದು.

ಈಗ ಈ ಕೃತಿಗಳನ್ನು ಎಲ್ಲಿ ನೋಡಬಹುದು?

ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ 2020ರ ನವೆಂಬರ್‌ನಲ್ಲಿ ಚಿಕಾನೊ ಮುದ್ರಣಕಲೆಗೆಂದೇ ದೊಡ್ಡ ಪ್ರದರ್ಶನವೊಂದನ್ನು ತೆರೆಯಿತು. ಇ. ಕಾರ್ಮೆನ್ ರಾಮೋಸ್ ಸಂಯೋಜಿಸಿದ ಈ ಪ್ರದರ್ಶನದ 119 ಕೃತಿಗಳೂ ಆ ಸಂಸ್ಥೆಯದೇ ಸಂಗ್ರಹಕ್ಕೆ ಸೇರಿದವು. ಕೊರೊನಾ ಕಾರಣದಿಂದ ಕೆಲವೇ ದಿನಗಳಲ್ಲಿ ಬಾಗಿಲು ಹಾಕಬೇಕಾಯಿತು. ಮರುವರ್ಷ ಮತ್ತೆ ತೆರೆಯಿತು. ‘ಸನ್ ಮ್ಯಾಡ್’ ಈ ಸಂಗ್ರಹದಲ್ಲಿದೆ, ಸಂಸ್ಥೆಯ ಜಾಲತಾಣದಲ್ಲೂ ನೋಡಬಹುದು. ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್‌ನ ದಾಖಲೆಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ಗ್ರಂಥಾಲಯದಲ್ಲಿವೆ.

ಇಂದಿಗೂ ಈ ಕೆಲಸ ಮುಂದುವರಿದಿದೆಯೇ?

ಮುಂದುವರಿದಿದೆ. ಓಕ್ಲ್ಯಾಂಡ್‌ನಲ್ಲಿ ಮೆಲನಿ ಸೆರ್ವಾಂತೆಸ್ ಮತ್ತು ಹೆಸುಸ್ ಬರಾಸಾ 2007ರಲ್ಲಿ ಆರಂಭಿಸಿದ ‘ದಿಗ್ನಿದಾದ್ ರೆಬೆಲ್ದೆ’ ಪೋಸ್ಟರುಗಳನ್ನು ಕೈಯಿಂದಲೂ ಮುದ್ರಿಸುತ್ತದೆ, ಯಾರು ಬೇಕಾದರೂ ಇಳಿಸಿಕೊಂಡು ಮೆರವಣಿಗೆಗೆ ಒಯ್ಯಲೆಂದು ಅಂತರ್ಜಾಲದಲ್ಲೂ ಹಾಕುತ್ತದೆ.

ಹೆರ್ನಾಂಡೆಸ್ ಕೂಡ 2008ರಲ್ಲಿ ತಮ್ಮ ಹಳೆಯ ಕೆಂಪು ಡಬ್ಬಿಗೆ ಮರಳಿದರು. ಈ ಸಲದ ಹೆಸರು ‘ಸನ್ ರೇಡ್’, ಅಂದರೆ ವಲಸೆ ಅಧಿಕಾರಿಗಳ ದಾಳಿ. ಸೂರ್ಯ, ಬುಟ್ಟಿ, ಅಸ್ಥಿಪಂಜರ ಎಲ್ಲವೂ ಇವೆ. ಆದರೆ ಅಸ್ಥಿಪಂಜರ ಈಗ ದಕ್ಷಿಣ ಮೆಕ್ಸಿಕೊದ ಮೂಲನಿವಾಸಿ ಹೆಂಗಸರು ತೊಡುವ ಕಸೂತಿಯ ‘ವಿಪಿಲ್’ ಅಂಗಿ ತೊಟ್ಟಿದೆ, ಮಣಿಕಟ್ಟಿನ ಮೂಳೆಗೆ ವಲಸೆ ಇಲಾಖೆಯ ಕಣ್ಗಾವಲು ಪಟ್ಟಿ ಬಿಗಿದಿದೆ. ಡಬ್ಬಿಯ ಮೇಲೆ ಗ್ಯಾರಂಟಿಯ ಮಾತೂ ಅಚ್ಚಾಗಿದೆ: ಗಡೀಪಾರು ಖಚಿತ.